ಅಮೃತಪ್ಪನವರ ಒಂದೇ ರಿಕಾರ್ಡು

ಹೋದ ತಿಂಗಳು ಅಕ್ಕಲಕೋಟದಲ್ಲಿ ಹಾಡಹಗಲೇ ನಡೆದದ್ದಿದು. ಸೊಲ್ಲಾಪುರದಲ್ಲಿ ನನ್ನದು ಬಟ್ಟೆ ಅಂಗಡಿ, ಹುಚ್ಚು ಮಾತ್ರ ಹಳೇ ರಿಕಾರ್ಡುಗಳದ್ದು. ನಾಟಕಗಳಿಗೆ ಪದ ಬರೆದ ಅಮೃತಪ್ಪನವರ ಹಾಡೊಂದನ್ನು ನಟಿಯೊಬ್ಬಳು ಹಾಡಿದ ರಿಕಾರ್ಡು ಅವರ ಮೊಮ್ಮಗಳು ಇಂದುಬಾಯಿಯ ಬಳಿ ಇದೆಯೆಂದು ತಿಳಿದದ್ದೇ ತಡ, ಗ್ರಾಮಫೋನು ಹೊತ್ತು ಓಡಿದೆ.

"ಹಾಡಿದಾಕಿ ಹೆಸರ ಉಳೀತು. ಬರದಾಂವನ ಹೆಸರ ಯಾರೂ ಹೇಳಲಿಲ್ರಿ," ಎಂದರು ಆ ಮುದುಕಿ.

ಸಂಭ್ರಮದಲ್ಲಿ ನನಗೆ ಎಲ್ಲಿಲ್ಲದ ಅವಸರ. ತಟ್ಟೆ ಇಟ್ಟು ಮುಳ್ಳು ಇಳಿಸಿದೆ. ಎದ್ದದ್ದು ಗಂಡುದನಿ. ಏನು ಹಾಡು ಅದು! ಆ ಬಿರುಬಿಸಿಲಲ್ಲೂ ನನ್ನ ಬೆರಳು ತಣ್ಣಗಾದವು. ಎಲ್ಲಿಂದಲೋ ತಾಂಬೂಲದ ಘಮ ಬಂತು. ಆ ಕಾಲದಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ಹೇಳುವ ರೂಢಿ. ಈ ದನಿಯೂ ಹೇಳಿತು: "ನಾ ಅಕ್ಕಲಕೋಟದ ಅಮೃತಪ್ಪ."

"ನಮ್ಮಜ್ಜಾರ ದನಿ ಐತ್ರಿ ಇದು!" ಇಂದುಬಾಯಿ ಎದ್ದು ನಿಂತರು. ನಾನು ಕುಣಿಯುವುದೊಂದೇ ಬಾಕಿ.

ತಟ್ಟೆ ಎತ್ತಿದೆ. ಅಂಥ ಹಳೇ ರಿಕಾರ್ಡಿಗೆ ಒಂದೇ ಬದಿಯಲ್ಲಿ ಹಾಡಿನ ಗೆರೆಗಳು, ಇನ್ನೊಂದು ಬದಿ ಖಾಲಿ. ಅವಸರದಲ್ಲಿ ನಾನದನ್ನು ತಿರುವಿ ಇಟ್ಟಿದ್ದೆ. ಇಷ್ಟು ಹೊತ್ತು ಹಾಡಿದ ಬದಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ನನ್ನ ಮುಖ ಕಾಣುವಷ್ಟು ನುಣ್ಣಗಿತ್ತು.