ಎದಿಯಾಗ ಒಂದು ಐತೆ

ಮೊದಲ ದಿನವೇ ಜಗಳ. ಹರಿಹರ ಸ್ಟೇಷನ್ ಮುಂದೆ ನನ್ನ ಆಟೋ ಹತ್ತಿದವಳು, ಮೊಲೆ ಕ್ಯಾನ್ಸರ್ ಆದ ಹೆಂಗಸರ ಮನೆಮನೆಗೆ ಹೋಗಬೇಕು, ರಿಸರ್ಚ್, ಅಂದಳು. ನನಗೆ ಪಿತ್ತ ನೆತ್ತಿಗೇರಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬಡವರ ನೋವು ಕೇಳಿಕೊಂಡು ಹೋಗಿ ತಿರುಗಿ ನೋಡದ ಜನರನ್ನು ಬೇಕಾದಷ್ಟು ಕಂಡಿದ್ದೇನೆ.

"ಕೇಳ್ಕೊಂಡು ಹೋದ್ರೆ ವಾಸಿ ಆಗತೈತೇನ್ರಿ ಮೇಡಂ?"

"ಆಗಲ್ಲ. ಅದಕ್ಕೇ ಜಗಳ ಆಡೋರು ಒಬ್ರು ಜೊತಿಗೆ ಬೇಕು. ನಡೀರಿ ಅಣ್ಣ."

"ಅಣ್ಣ ಅನ್ನಬ್ಯಾಡ್ರಿ. ತಿಪ್ಪೇಶ್ ಅಂತ ಹೆಸರು ಐತೆ."

ಕನ್ನಡಿಯಲ್ಲಿ ಅವಳ ಕಣ್ಣು ನಕ್ಕವು. ಅವತ್ತಿನಿಂದ ನನಗೆ ರೋಡಿಗಿಂತ ಕನ್ನಡಿಯೇ ಹೆಚ್ಚಾಯಿತು.

ಅವಳು ಸುಷ್ಮಾ, ದಾವಣಗೆರೆ ಸರಸ್ವತಿ ನಗರದವಳು. ಮಧ್ಯಾಹ್ನ ಆಟೋದಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಮೆಣಸಿನಕಾಯಿ ನನಗೆ ದಾಟಿಸಿ, ನಿಮ್ಮ ಸಿಟ್ಟಿಗೆ ಇದೇ ಸರಿ ಅಂತ ಛೇಡಿಸುತ್ತಿದ್ದಳು. ಆದರೆ ಆ ಹೆಂಗಸರ ಮನೆಯೊಳಗಿಂದ ಹೊರಬಂದಾಗಲೆಲ್ಲ ಅವಳ ಮುಖ ಬಿಳಿಚಿರುತ್ತಿತ್ತು. ಎಡಹೆಗಲಿಗೆ ಹಾಕುತ್ತಿದ್ದ ಬ್ಯಾಗು ಯಾವಾಗಲೋ ಬಲಕ್ಕೆ ಬಂದಿತ್ತು. ನಾನು ಕಣ್ಣು ಮಾತ್ರ ನೋಡುತ್ತಿದ್ದವನು, ಹೆಗಲು ನೋಡಲಿಲ್ಲ.

ಹೊಳೆದಂಡೆಯ ಓಣಿಯ ಖತೀಜಾಬೀ ಹಾಸಿಗೆ ಹಿಡಿದಿದ್ದರು. ಮಾತಾಡಿಸಿ ಬಂದ ಸುಷ್ಮಾ ಆಟೋ ಹತ್ತಿ ಕೂತಳು. ಆಮೇಲೆ ಹೇಳಿದಳು. ಅವರು ಮೊದಲ ಸಲ ತೋರಿಸಲು ಹೋದಾಗ ಎದಿ ನೋವು ಅಂದಿದ್ದರಂತೆ. ಗಂಡಸು ಡಾಕ್ಟರ ಮುಂದೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಇಸಿಜಿ ತೆಗೆದು, ಹಾರ್ಟು ಚೆನ್ನಾಗಿದೆ ಅಂತ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು. ಒಳಗಿನ ಗಂಟು ಬೆಳೆಯುತ್ತಲೇ ಇತ್ತು. ಹಿಂದೆ ಹೋಗಿದ್ದ ಹದಡಿ ಊರಿನ ಹೆಂಗಸಿನದೂ ಅದೇ ಕಥೆ.

ನಾನು ಟೈರಿಗೆ ಒದ್ದೆ. ಕಾಲು ನೋಯಿತು, ಟೈರಿಗೇನಾಯಿತು?

ಅವತ್ತು ಸಂಜೆ ತುಂಗಭದ್ರೆಯ ಸೇತುವೆ ದಾಟುವಾಗ ನಿಲ್ಲಿಸಲು ಹೇಳಿದಳು. ಕೆಳಗೆ ನೀರು ಕಪ್ಪಗಿತ್ತು.

"ತಿಪ್ಪೇಶ್, ನನ್ನ ಎದಿಯಾಗ ಒಂದು ಐತೆ. ಯಾರಿಗೂ ಹೇಳಿಲ್ಲ."

ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ಈ ಮಾತಿಗೇ ಕಾದಿದ್ದೆನಲ್ಲ.

"ನನ್ನ ಎದಿಯಾಗೂ ಐತ್ರಿ," ಅಂದೆ. "ನೀವೇ ಇದ್ದೀರಿ."

ಅವಳು ನನ್ನನ್ನೇ ನೋಡಿದಳು. ನಗಲು ಹೋದ ತುಟಿ ನಡುವೆಯೇ ನಿಂತಿತು. ಕಣ್ಣಲ್ಲಿ ನೀರು. ಖುಷಿಗೆ ಅಂದುಕೊಂಡೆ.

ಮರುದಿನ ಬರಲಿಲ್ಲ. ಫೋನು ಎತ್ತಲಿಲ್ಲ. ದಿನಗಳು ಹೋದವು. ದೊಡ್ಡ ಮನೆಯ ಹುಡುಗಿ ಆಟೋದವನನ್ನು ಆಟ ಆಡಿಸಿದಳು ಅಂತ ಕುದಿಯುತ್ತ, ಅವಳು ಅಲ್ಲಿಗಾದರೂ ಬಂದಿದ್ದಳೇ ಅಂತ ಕೇಳಲು ಖತೀಜಾಬೀ ಮನೆಗೆ ಹೋದೆ. ಅವಳು ಹೇಳಿದ್ದನ್ನೂ ಅವರ ಮುಂದೆ ಒದರಿದೆ. ಅವರು ದಿಂಬಿನಿಂದ ತಲೆ ಎತ್ತಲು ನೋಡಿದರು.

"ಎದಿಯಾಗ ಐತೆ ಅಂದ್ಲಾ, ಬೇಟಾ?" ಅಂದರು. "ಡಾಕ್ಟರ ಮುಂದೆ ನಾನೂ ಹಂಗೇ ಅಂದಿದ್ದೆ."

ಆಟೋ ಹೆಂಗೆ ಓಡಿಸಿದೆನೋ ಗೊತ್ತಿಲ್ಲ. ಸರಸ್ವತಿ ನಗರದ ಸುಷ್ಮಾಳ ಮನೆಯ ಗೇಟಿನಲ್ಲಿ ಅವಳೇ ನಿಂತಿದ್ದಳು. ಯಾವಾಗಿಂದ, ಯಾಕೆ ತೋರಿಸಲಿಲ್ಲ ಅಂತ ಬಾಯಿ ತೆಗೆದೆ.

"ಪ್ರಶ್ನೆ ಕೇಳಬ್ಯಾಡ್ರಿ," ಅಂದಳು. "ಅವೆಲ್ಲ ನನಗೆ ಬಾಯಿಪಾಠ. ಉತ್ತರ ಒಂದೇ. ಹೆದರಿಕೆ."

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಏನು ತೊಂದರೆ ಅಂತ ಕೇಳಿದರು. ಇಷ್ಟು ಹೆಂಗಸರನ್ನು ಮಾತಾಡಿಸಿದವಳು ತಲೆ ತಗ್ಗಿಸಿ ಎದಿ ಅಂದಳು. ಒಳಗಿದ್ದವನು ಮುಖವೂ ಎತ್ತದೆ ಇಸಿಜಿ ರೂಮಿನ ಕಡೆ ಕೈ ತೋರಿಸಿದ.

"ಎದಿ ಅಲ್ರಿ, ಮೊಲೆ," ಅಂದೆ. "ಮೊಲೆಯಾಗ ಗಂಟು ಐತೆ. ಹಂಗೇ ಬರೀರಿ."

ಸಾಲಿಗೆ ಸಾಲೇ ತಿರುಗಿ ನೋಡಿತು. ಯಾರೋ ಥೂ ಅಂದರು. ಅವನು ಬರೆದ.

ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆವು. ಅವಳ ಕೈ ತಣ್ಣಗೆ ನನ್ನ ಕೈಯೊಳಗೆ ಬಂತು.

"ಅವತ್ತು ನಿಮ್ಮ ಎದಿಯಾಗ ಇದ್ದದ್ದು, ಇನ್ನೂ ಐತಾ?"

"ಐತೆ."

"ನನ್ನ ಎದಿಯಾಗೂ ಐತೆ," ಅಂದಳು. "ಎರಡೂ."

ಒಳಗಿಂದ ಅವಳ ಹೆಸರು ಕೂಗಿದರು. ಕೈ ಬಿಡಿಸಿಕೊಂಡು ಎದ್ದಳು. ಬಾಗಿಲು ಮುಚ್ಚಿತು. ಅವಳ ಕಣ್ಣು ನೋಡಲು ಅಲ್ಲಿ ಕನ್ನಡಿ ಇರಲಿಲ್ಲ.