ಹಿಂಬಾಗಿಲ ಮೇಲಿನ ಹುಲಿಪಟ್ಟೆ

"ಎಲ್ಲಾ ತೊಳೀರಿ. ಹಿಂಬಾಗಿಲ ಮೇಲಿನ ಮೂಲೆ ಮಾತ್ರ ಮುಟ್ಟಬೇಡಿ."

ಮನೆಯೊಡತಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದೇ ಹೇಳಿದಳು. ಬೆಳಗಿನಿಂದ ಆಕೆಯ ಮಾತೆಲ್ಲ ಆ ಅಂಗೈಯಲ್ಲಿ ಸೋಸಿಕೊಂಡೇ ಹೊರಗೆ ಬರುತ್ತಿತ್ತು.

ಏಣಿ ಹೊತ್ತ ಅಣ್ಣ ಸುಮ್ಮನೆ ತಲೆಯಾಡಿಸಿದ. ತಮ್ಮ ಬಿಡಬೇಕಲ್ಲ. "ಯಾಕ್ರೀ, ಜೇನುಗೂಡಿದ್ಯಾ?"

"ನಮ್ಮತ್ತೆ ಬಾಯಿ ಇದೆ ಅಲ್ಲಿ."

ಆಕೆ ಬೆನ್ನ ಹಿಂದೊಮ್ಮೆ ನೋಡಿ ದನಿ ಇಳಿಸಿದಳು. "ಅವರು ಎಲ್ಲರನ್ನೂ ಹಿಂದಿನಿಂದ ಆಡ್ಕೋತಿದ್ರು. ಯಾರೋ ಮಾಟ ಮಾಡಿಸಿದ್ರು. ಹಿಂದೆ ಆಡಿದ್ದೆಲ್ಲ ಆಯಾ ಜನರ ಎದುರಿಗೇ ಬಾಯಿಂದ ಬರೋಕೆ ಶುರುವಾಯ್ತು, ತಡೆಯೋಕೇ ಆಗ್ತಿರ್ಲಿಲ್ಲ. ಮಂತ್ರವಾದಿ ಬಂದು ಅದನ್ನ ಕಕ್ಕಿಸಿ ಆ ಮೂಲೇಲಿ ಕಟ್ಟಿಟ್ಟ. ಒರೆಸಿದೋರಿಗೆ ಅಂಟತ್ತೆ ಅಂದ." ಸ್ವಲ್ಪ ತಡೆದಳು. "ಆಮೇಲೆ ಮೂರು ವರ್ಷ ಬದುಕಿದ್ರು. ಒಂದು ಮಾತೂ ಆಡ್ಲಿಲ್ಲ."

ಆಕೆ ಒಳಗೆ ಹೋಗಿ ಬಾಗಿಲು ಮುಚ್ಚಿದ್ದೇ ತಡ, ತಮ್ಮನ ಅಂಗೈ ಬಾಯಿಗೆ ಬಂತು. ಅದೇ ಸಣ್ಣ ದನಿ, ಅದೇ ಬಾಗಿದ ಭುಜ. "ನಮ್ಮತ್ತೆ ಬಾಯಿ ಇದೆ ಅಲ್ಲಿ... ಇರಿ ಅತ್ತೆ, ಬ್ರಷ್ ತಂದಿದೀನಿ, ಹಲ್ಲುಜ್ಜಿ ಬಿಡ್ತೀನಿ!"

ಅಣ್ಣನಿಗೆ ನಗು ಬಂತು. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. "ಬಿ... ಬಿ... ಬಿಡೋ. ಪಾ... ಪಾಪ."

ಅಣ್ಣನ ನಾಲಿಗೆ ಎಡವುತ್ತಿತ್ತು, ಕೈ ಎಡವುತ್ತಿರಲಿಲ್ಲ. ಸೂರಿನಂಚಿನ ಮಳೆನೀರಿನ ದೋಣಿ, ಅದರ ಹಿಂದಿನ ಅಂಚುಪಟ್ಟಿ, ಸೂರಿನಡಿಯ ಹಲಗೆ: ಇವುಗಳನ್ನು ಉಜ್ಜಿ ಬೆಳಗುವ ಕೆಲಸದಲ್ಲಿ ಅವನದು ಇಪ್ಪತ್ತು ವರ್ಷ. ದೋಣಿಯ ಹೊರಮೈಯಲ್ಲಿ ವರ್ಷಗಟ್ಟಲೆ ಇಳಿದ ಕೊಳೆ ಕಪ್ಪು ಗೆರೆಗೆರೆಯಾಗಿ ಕೂತಿರುತ್ತದೆ. ಕೆಲಸದವರು ಅದಕ್ಕೆ ಹುಲಿಪಟ್ಟೆ ಎನ್ನುತ್ತಾರೆ. ನಲವತ್ತು ಸಲ ಉಜ್ಜಿದರೂ ಜಪ್ಪಯ್ಯ ಎನ್ನದ ಕೊಳೆ. ತಮ್ಮ ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು, ಅದೂ ಬೇರೆಲ್ಲೂ ನಿಲ್ಲಲಾಗದೆ. "ಅಣ್ಣ ಕಲೆ ತೆಗೀತಾನೆ, ನಾನು ಕಲೆ ತೋರಿಸ್ತೀನಿ" ಎಂದು ಹೇಳಿಕೊಂಡು ಓಡಾಡುತ್ತಿದ್ದ.

ಅವನ ಕಲೆ ಮಿಮಿಕ್ರಿ. ಕಾಲೇಜಿನ ವೇದಿಕೆಯಿಂದ ಚಹಾದಂಗಡಿಯ ಬೆಂಚಿನವರೆಗೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದ ಐಟಂ ಒಂದೇ, 'ಫೋನ್ ಐಟಂ'. ತೊದಲುವವನೊಬ್ಬ ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಾನೆ. "ಅ... ಅ... ಅಮ್ಮ ಬಿ... ಬಿ..." ಆ ಕಡೆಯವನು ರೇಗುತ್ತಾನೆ: "ಯಾರ್ರೀ ಅದು? ತಮಾಷೆ ಮಾಡ್ತಿದೀರಾ?" ಟಪ್, ಫೋನ್ ಕಟ್. ಜನ ಬಿದ್ದು ಬಿದ್ದು ನಗುತ್ತಿದ್ದರು.

ಅದು ಕಟ್ಟುಕತೆಯಾಗಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕುಸಿದ ದಿನ ಅಣ್ಣ ಹಾಗೇ ಮೂರು ಸಲ ಫೋನ್ ಮಾಡಿದ್ದ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ತಾನೊಬ್ಬನೇ ಇದ್ದೆ ಎಂದು ಅಣ್ಣ ಇಂದಿಗೂ ನಂಬಿದ್ದ. ಹದಿನೇಳರ ತಮ್ಮ ಬಾಗಿಲ ಹಿಂದೆಯೇ ಇದ್ದ. ತೊದಲು ಕೇಳಿ ಮೊದಲು ಕಿಸಕ್ಕೆಂದಿದ್ದ. ವಿಷಯ ತಿಳಿದಾಗ, ನಕ್ಕ ಮುಖ ಹೊತ್ತು ಹೊರಗೆ ಬರಲು ನಾಚಿ, ಅಲ್ಲೇ ಉಳಿದಿದ್ದ. ಆಮೇಲೆ ಅಣ್ಣನೇ ಅವನಿಗೆ ಉಣ್ಣಿಸಿ, ಓದಿಸಿ, ಅಮ್ಮನಾಗಿದ್ದ. ಫೋನ್ ಐಟಂ ಅಣ್ಣನ ಕಿವಿಗೆ ಬೀಳದಂತೆ ತಮ್ಮ ಕಾದುಕೊಂಡು ಬಂದಿದ್ದ. ಜಗತ್ತಿನಲ್ಲಿ ಅವನು ಹೆದರುತ್ತಿದ್ದದ್ದು ಅದೊಂದಕ್ಕೇ.

ಅಣ್ಣನ ಕೆಲಸದ ನಿಯಮಗಳು ಮೂರು. ಕೊಳೆ ತೆಗೆಯುವ ಮದ್ದನ್ನು ಮೊದಲು ಯಾರ ಕಣ್ಣಿಗೂ ಬೀಳದ ಕಡೆ ಹಚ್ಚಿ ನೋಡಬೇಕು. ತಲೆಯೆತ್ತಿ ಉಜ್ಜುವಾಗ ಬಾಯಿ ಮುಚ್ಚಿರಬೇಕು. ಮೇಲೊಬ್ಬನಿದ್ದರೆ ಕೆಳಗೊಬ್ಬ ಏಣಿ ಹಿಡಿದಿರಬೇಕು.

ನಡುಮಧ್ಯಾಹ್ನ. ಅಣ್ಣ ಮುಂದುಗಡೆ ಬಕೆಟಿನಲ್ಲಿ ಮದ್ದು ಕಲಸುತ್ತಿದ್ದ. ತಮ್ಮ ಅದರಲ್ಲಿ ಸ್ಪಂಜು ಅದ್ದಿ, ಸಣ್ಣ ಏಣಿ ಎತ್ತಿಕೊಂಡು ಹಿತ್ತಿಲಿಗೆ ನಡೆದ. ಯಾರ ಕಣ್ಣಿಗೂ ಬೀಳದ ಜಾಗ ಆ ಮನೆಗೆಲ್ಲ ಒಂದೇ ಇತ್ತು. ಹಿಂಬಾಗಿಲ ಮೇಲಿನ ಮೂಲೆ.

ಹೊರಗೆ ಸುಡುಬಿಸಿಲು, ಸೂರಿನಡಿಯಲ್ಲಿ ಮಾತ್ರ ಮಸಿಗತ್ತಲು. ಬೇರೆ ಕಡೆಯ ಪಟ್ಟೆಗಳು ಒಣಗಿ ಬೂದು ತಿರುಗಿದ್ದವು. ಇವು ಕಡುಗಪ್ಪು. ಒದ್ದೆ. ಬೆರಳಿಟ್ಟರೆ ಒಸಡಿನಂತೆ ಮೆತ್ತಗೆ. ದೋಣಿಯೊಳಗೆ ಏನೋ ಪಿಸುಗುಟ್ಟಿದಂತಾಯಿತು. ಎಲೆ ಇರಬೇಕು, ಅಂದುಕೊಂಡ.

"ಬಾಯಿ ತೆಗೀರಿ ಅತ್ತೆ, ಆ ಅನ್ನಿ" ಎಂದು ಡಾಕ್ಟರನ ದನಿಯಲ್ಲಿ ಹೇಳುತ್ತ ಸ್ಪಂಜು ಎಳೆದ.

ಕಪ್ಪು ಒಂದೇ ಎಳೆತಕ್ಕೆ ಬಂತು. ಕಾಯುತ್ತಿದ್ದಂತೆ ಬಂತು. 'ಆ' ಎಂದು ತೆರೆದಿದ್ದ ಬಾಯಿಗೆ ಮೂರು ಹನಿ ಬಿದ್ದವು.

ತುಕ್ಕು. ಕೊಳೆತ ಎಲೆ. ಅದರಡಿಯಲ್ಲಿ, ಯಾರದೋ ತೊಳೆಯದ ಬೆಳಗಿನ ಬಾಯಿ.

ಉಗಿದ. ಏನೂ ಬೀಳಲಿಲ್ಲ. ನಾಲಿಗೆಯ ಕೆಳಗೆ ಇನ್ನೊಂದು ನಾಲಿಗೆ ಮಗ್ಗುಲಾದಂತಾಯಿತು.

ಏಣಿ ಸ್ವಲ್ಪ ಅಲುಗಿ, ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದ. ಅಣ್ಣ ಬಂದು ಎರಡೂ ಕೈಯಲ್ಲಿ ಏಣಿ ಹಿಡಿದಿದ್ದ. ಬೈಯಲಿಲ್ಲ. "ಇ... ಇಳಿಯೋ ಮಾ... ಮಾರಾಯ" ಅಂದನಷ್ಟೆ.

ಬಂದೆ ಅಣ್ಣ, ಎನ್ನಲು ಬಾಯಿ ತೆರೆದ.

"ಅ... ಅ... ಅಮ್ಮ..."

ಹಲ್ಲು ಕಚ್ಚಿದ. ಕಚ್ಚಿದ ಹಲ್ಲು ತಾನೇ ಬಿಚ್ಚಿಕೊಂಡಿತು.

"ಅಮ್ಮ ಬಿ... ಬಿ... ಬಿದ್ದು..."

ಸ್ಪಂಜನ್ನೇ ಬಾಯಿಗೆ ತುರುಕಿದ. ಸ್ಪಂಜಿನೊಳಗಿಂದಲೂ ದನಿ ಬಂತು. ಸ್ವಚ್ಛವಾಗಿ. ಉಸಿರು ಸಿಕ್ಕಿಕೊಂಡ ಜಾಗ, ಗಂಟಲು ಒಣಗಿದ ಜಾಗ, ಒಂದೂ ಬಿಡದೆ. "ಯಾರ್ರೀ ಅದು? ತಮಾಷೆ ಮಾಡ್ತಿದೀರಾ?" ಟಪ್.

ಐಟಂ ಯಾವಾಗಲೂ ಮುಗಿಯುತ್ತಿದ್ದದ್ದು ಅಲ್ಲಿಗೆ. ಇವತ್ತು ಮುಗಿಯಲಿಲ್ಲ. ಮತ್ತೆ ನಂಬರು ಒತ್ತುವ ಸದ್ದು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು. ಆಮೇಲೆ ಬಾಗಿಲ ಹಿಂದಿನಿಂದ, ಬಾಯಿಗೆ ಕೈ ಅಡ್ಡ ಹಿಡಿದರೂ ಸೋರಿದ ಹದಿನೇಳು ವರ್ಷದ ಕಿಸಕ್.

ಆಗ ದನಿ ತಾನಾಗಿ ನಿಂತಿತು.

ಅಣ್ಣನ ಮುಖ ಮೇಲಕ್ಕೆ ಎತ್ತಿದಂತೆಯೇ ಇತ್ತು. ಆ ಕಿಸಕ್ ಅವನಿಗೆ ಗೊತ್ತಿಲ್ಲದ್ದಲ್ಲ. ತಮ್ಮನ ತೊಟ್ಟಿಲ ದಿನಗಳಿಂದ ಕೇಳಿದ ನಗು.

"ನೀನು ಅವತ್ತು ಮನೇಲೇ ಇದ್ದ್ಯಾ?"

ಅಣ್ಣ ಒಂದಕ್ಷರವೂ ಎಡವಲಿಲ್ಲ.

ತಪ್ಪಾಯ್ತು ಅಣ್ಣ, ಎಂದು ಕೂಗಬೇಕೆನಿಸಿತು ತಮ್ಮನಿಗೆ. ಎಳೆಯ ವಯಸ್ಸು, ನಾಚಿಕೆಯಾಯ್ತು, ಇಷ್ಟು ವರ್ಷ ಅದನ್ನು ನಕ್ಕು ನಕ್ಕು ಮುಚ್ಚಿಟ್ಟೆ. ಎಲ್ಲ ಹೇಳಬೇಕೆನಿಸಿತು. ತನ್ನ ದನಿಗಾಗಿ ಗಂಟಲೊಳಗೆ ತಡಕಾಡಿದ. ಅಲ್ಲಿದ್ದದ್ದು ಅಣ್ಣನ ದನಿಯೊಂದೇ.

"ತ... ತ... ತಪ್ಪಾ..." ಅದೇ ತೊದಲು. ಅದೇ ಎಳೆತ. ಚಹಾದಂಗಡಿಯಲ್ಲಾಗಿದ್ದರೆ ಬೆಂಚು ತಟ್ಟಿ ನಗುತ್ತಿದ್ದರು. "ತ... ತಪ್ಪಾಯ್ತು ಅ... ಅ... ಅಣ್ಣ..."

"ಈಗಲೂ ತಮಾಷೆ ಮಾಡ್ತಿದೀಯಾ?"

ಹಿಂಬಾಗಿಲ ಸಂದಿಯಲ್ಲಿ ಮನೆಯೊಡತಿ ನಿಂತಿದ್ದಳು. ಅವಳ ಕೈ ಬಾಯಿಯ ಮೇಲಿರಲಿಲ್ಲ. ಎರಡೂ ಕೈ ಕಿವಿಗಳ ಮೇಲಿದ್ದವು.

ಮೂಲೆಯಲ್ಲಿ, ಒರೆಸಿದ ಅಂಗೈಯಗಲದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

ಅಣ್ಣ ಏಣಿಯಿಂದ ಒಂದು ಕೈ ತೆಗೆದ. ಆಮೇಲೆ ಇನ್ನೊಂದು. ತಿರುಗಿ, ಬಕೆಟ್ ಇದ್ದ ಕಡೆಗೆ ನಡೆದುಹೋದ. ಇಪ್ಪತ್ತು ವರ್ಷದಲ್ಲಿ, ಮೇಲೊಬ್ಬನಿರುವಾಗ ಅವನು ಏಣಿ ಬಿಟ್ಟದ್ದು ಅದೇ ಮೊದಲು.