ಸುತ್ತಿಗೆ ಹಿಡಿದ ನಿರ್ದೇಶಕ

ಸುತ್ತಿಗೆಯ ಮೊದಲ ಏಟಿಗೇ ಕಂಬ ಸೀಳಿತು. ಎರಡನೆಯದಕ್ಕೆ ಅಟ್ಟಣೆ ಪೂರ್ತಿ ಕುಸಿದು ಧೂಳೆದ್ದಿತು.

ಒಡೆದವನು ನಾಟಕದ ನಿರ್ದೇಶಕ. ಮಹಡಿಯ ದೃಶ್ಯಕ್ಕೆಂದು ಅದನ್ನು ಕಟ್ಟಿದವಳು ರಂಗಸಜ್ಜಿಕೆಯ ಹುಡುಗಿ. ಸ್ವಂತ ಹೆಸರಿನಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ. ಇದು ಕೈತಪ್ಪಿದರೆ ಮತ್ತೆ ಯಾರದೋ ಕೈಕೆಳಗೆ ಪರದೆಗೆ ಬಣ್ಣ ಬಳಿಯುವುದೇ ಗತಿ.

"ತಲೆ ಕೆಟ್ಟಿದೆಯಾ ನಿಮಗೆ?" ಓಡಿಬಂದು ಅವನ ಎದೆಗೆ ಗುದ್ದಿದಳು.

ಅವನು ಅಲುಗಲಿಲ್ಲ. "ಗಟ್ಟಿಯಿಲ್ಲ. ಇನ್ನೊಂದು ಕಟ್ಟಿ."

ಕಟ್ಟಿದಳು. ಅದನ್ನೂ ಪುಡಿ ಮಾಡಿದ. ಸಂಜೆಯಾದರೆ ಅದೇ ಮನುಷ್ಯ ಅವಳ ನಕ್ಷೆಯ ಮುಂದೆ ಕೂತು, ಬೆಳಕು ಎಲ್ಲಿ ಬೀಳಬೇಕೆಂದು ಮೆಲ್ಲಗೆ ಕೇಳುತ್ತಿದ್ದ. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು... ಅಷ್ಟು ನೋಯುತ್ತಿದ್ದುದೂ ಅದಕ್ಕೇ.

ಮೂರನೆಯದರ ಮೇಲೆ ಸುತ್ತಿಗೆ ಎತ್ತಿದಾಗ ಅವಳು ಕೈಗೆ ಸಿಕ್ಕ ಮರದ ಪಟ್ಟಿಯ ತುಂಡು ಬೀಸಿದಳು. ಅವನ ಹುಬ್ಬು ಒಡೆದು ರಕ್ತ ಸುರಿಯಿತು.

ಅಯ್ಯೋ, ಏನು ಮಾಡಿಬಿಟ್ಟೆ... ಆದರೆ ಹಾಳು ಬಾಯಿ ಸುಮ್ಮನಿರಬೇಕಲ್ಲ. "ನಾನು ಬೇಡ ಅಂದ್ರೆ ನೇರವಾಗಿ ಹೇಳಿ!"

ಅವನು ಹುಬ್ಬು ಒತ್ತಿಹಿಡಿದು ಹೊರಟುಹೋದ. ಮೂಲೆಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದ ಅವನ ಅಕ್ಕ ಊರುಗೋಲು ಹಿಡಿದು ಎದ್ದು ಬಂದಳು.

"ನಿನ್ನ ಮೇಲೆ ಕೋಪ ಅಲ್ಲಮ್ಮ. ಅವನ ಮೊದಲ ನಾಟಕದಲ್ಲಿ ಅಟ್ಟಣೆ ಕುಸಿದು ನನ್ನ ಸೊಂಟ ಮುರೀತು. ಆವತ್ತಿಂದ ಹೊಡೆದು ನೋಡದೆ ಯಾರನ್ನೂ ಹತ್ತಿಸಲ್ಲ. ತಾನಂತೂ ಹತ್ತೋದೇ ಇಲ್ಲ."

"ಬಾಯಿಬಿಟ್ಟು ಹೇಳೋಕೆ ಏನು ರೋಗ ಅವರಿಗೆ?"

"ಹೇಳಿದ್ರೆ ಅವನು ನನ್ನ ತಮ್ಮ ಹೇಗಾಗ್ತಾನೆ?"

ಹುಡುಗಿ ಕಣ್ಣೊರೆಸಿಕೊಂಡು, ಒಡೆಯದೆ ಉಳಿದ ಮೂರನೆಯ ಅಟ್ಟಣೆಯ ಕಂಬಗಳಿಗೆ ಅಡ್ಡಪಟ್ಟಿ ಬಡಿಯಲು ಕೂತಳು.

ಮರುದಿನ ಹಣೆಗೆ ಪಟ್ಟಿ ಕಟ್ಟಿಕೊಂಡು, ಸುತ್ತಿಗೆ ಹಿಡಿದು ಅವನು ಬಂದಾಗ ಅವಳು ಅಟ್ಟಣೆಯ ಮೇಲೆ ನಿಂತಿದ್ದಳು.

"ಹೊಡೀರಿ."

"ಕೆಳಗೆ ಇಳೀರಿ."

"ಇಳಿಯಲ್ಲ. ನಾನು ಕಟ್ಟಿದ್ದರ ಮೇಲೆ ನಾನೇ ನಿಲ್ಲದಿದ್ರೆ ಇನ್ಯಾರು ನಿಲ್ತಾರೆ?"

ಅವನು ಸುತ್ತಿಗೆ ಎತ್ತಿದ. ಆದರೆ ಕಂಬಕ್ಕೆ ಹೊಡೆಯದೆ ಅದನ್ನು ಗೋಡೆಗೆ ಅಪ್ಪಳಿಸಿ ಗುಡುಗಿದ: "ಇಳಿ ಅಂದೆ! ನೀನೂ ಬಿದ್ದುಬಿಟ್ರೆ ನಾನು ಬದುಕೋದು ಹೇಗೆ?"

ತಾನು ಆಡಿದ ಮಾತು ಕಿವಿಗೆ ಬಿದ್ದು ಅವನೇ ತಲೆ ತಗ್ಗಿಸಿದ.

ಅವಳು ಅಳುತ್ತಲೇ ಧಡಧಡ ಕುಣಿದಳು. ಹಲಗೆ ಮಿಸುಕಲಿಲ್ಲ. "ನೋಡಿ, ಬೀಳಲ್ಲ. ಬನ್ನಿ ಮೇಲೆ."

ಬೆವರುತ್ತಾ, ಒಂದೊಂದೇ ಮೆಟ್ಟಿಲಿಗೆ ನಿಲ್ಲುತ್ತಾ ಅವನು ಹತ್ತಿದ. ಮೇಲೆ ತಲುಪಿದವನೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಗಾಯ ನೋಯ್ತಿದೆಯಾ?"

"ನೋಯಲಿ. ಕೈ ಬಿಡಬೇಡ."

"ಇಳಿಯೋ ತನಕ ಬಿಡಲ್ಲ."

"ಇಳಿದ ಮೇಲೂ..."